ನಿಷ್ಕ್ರಿಯ ಕಂಪ್ಯೂಟರ್ ಖಾತೆಗಳ ತೆರವು

ನಿಷ್ಕ್ರಿಯ ಕಂಪ್ಯೂಟರ್ ಖಾತೆಗಳ ತೆರವು ಎಂದರೆ, ಸಂಸ್ಥೆಯೊಂದರ ಡೈರೆಕ್ಟರಿ ಸೇವೆಯಲ್ಲಿ ಹೆಸರು ಉಳಿದಿದ್ದರೂ ಬಳಕೆಯಿಂದ ಹೊರಬಿದ್ದಿರುವ ಯಂತ್ರಗಳ ಖಾತೆಗಳನ್ನು ಪತ್ತೆಹಚ್ಚಿ, ಪರಿಶೀಲಿಸಿ, ಮೊದಲು ತಡೆಹಿಡಿದು, ಆಮೇಲೆ ಅಳಿಸುವ ಆಡಳಿತ ಕ್ರಮ. ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿ ಬಳಸುವ ಜಾಲಗಳಲ್ಲಿ ಇದು ನಿಯತವಾಗಿ ನಡೆಯುವ ಕೆಲಸ. ಸಾಂಬಾ, ಫ್ರೀಐಪಿಎ, ಎಂಟ್ರಾ ಐಡಿ ಮುಂತಾದ ಸೇವೆಗಳಲ್ಲಿಯೂ ಇದೇ ಕೆಲಸ ಬೇರೆ ರೂಪದಲ್ಲಿದೆ. ಈ ಲೇಖನ ಮುಖ್ಯವಾಗಿ ಆಕ್ಟಿವ್ ಡೈರೆಕ್ಟರಿಯನ್ನು ಕುರಿತದ್ದು.

ಮೂರು ಪದಗಳನ್ನು ಇಲ್ಲಿ ನಿಶ್ಚಿತ ಅರ್ಥದಲ್ಲಿ ಬಳಸಲಾಗಿದೆ. ಗೊತ್ತುಪಡಿಸಿದ ಅವಧಿಯಲ್ಲಿ ಡೈರೆಕ್ಟರಿಯನ್ನು ಒಮ್ಮೆಯೂ ಸಂಪರ್ಕಿಸದ ಯಂತ್ರದ ಖಾತೆ ನಿಷ್ಕ್ರಿಯ ಖಾತೆ. ಆಡಳಿತಗಾರ ತಾನೇ ಪ್ರವೇಶ ನಿಲ್ಲಿಸಿದ, ಆದರೆ ಡೈರೆಕ್ಟರಿಯಲ್ಲಿ ಇನ್ನೂ ಉಳಿದಿರುವ ಖಾತೆ ತಡೆಹಿಡಿದ ಖಾತೆ; ಕಚೇರಿಗಳಲ್ಲಿ ಇದನ್ನೇ ಡಿಸೇಬಲ್ ಮಾಡುವುದು ಎನ್ನುತ್ತಾರೆ. ಡೈರೆಕ್ಟರಿಯಿಂದಲೇ ತೆಗೆದುಹಾಕಿದ್ದು ಅಳಿಸಿದ ಖಾತೆ. ಮೊದಲನೆಯದು ಯಂತ್ರದ ಸ್ಥಿತಿ, ಉಳಿದೆರಡು ಆಡಳಿತಗಾರನ ಕ್ರಮಗಳು.

ಹಿನ್ನೆಲೆ

ಜನರ ಜೊತೆಗೆ ಯಂತ್ರಗಳಿಗೂ ಖಾತೆ ತೆರೆಯುವ ಪದ್ಧತಿ ವಿಂಡೋಸ್ ಜಾಲಗಳಲ್ಲಿ 1993ರ ವಿಂಡೋಸ್ ಎನ್‌ಟಿಯಿಂದ ಬಂತು. ಎನ್‌ಟಿ ಡೊಮೇನ್‌ಗೆ, ಅಂದರೆ ಒಂದೇ ಆಡಳಿತದ ಅಡಿಯಲ್ಲಿರುವ ಯಂತ್ರಗಳ ಮತ್ತು ಬಳಕೆದಾರರ ಗುಂಪಿಗೆ, ಸೇರಿದ ಪ್ರತಿ ಯಂತ್ರಕ್ಕೂ ಒಂದು ಖಾತೆ, ಆ ಖಾತೆಗೆ ಒಂದು ಪಾಸ್‌ವರ್ಡ್ ಇರುತ್ತಿತ್ತು. ವಿಂಡೋಸ್ 95 ಮತ್ತು 98 ಯಂತ್ರಗಳಿಗೆ ಇಂಥ ಖಾತೆ ಇರಲಿಲ್ಲ. ಅಲ್ಲಿ ಬಳಕೆದಾರನ ಗುರುತಷ್ಟೇ ಸಾಕಾಗಿತ್ತು. ಎನ್‌ಟಿ ಕಾಲದಲ್ಲಿ ಖಾತೆಗಳೆಲ್ಲ ಸ್ಯಾಮ್ ಎಂಬ ಸಮತಟ್ಟಾದ ದತ್ತಸಂಚಯದಲ್ಲಿ ಕೂಡಿಬೀಳುತ್ತಿದ್ದವು. ಅದರ ಗಾತ್ರ 40 ಮೆಗಾಬೈಟ್ ಮೀರದಿರಲಿ ಎಂದು ಮೈಕ್ರೋಸಾಫ್ಟ್ ಸಲಹೆ ನೀಡುತ್ತಿದ್ದುದರಿಂದ, ಸತ್ತ ಖಾತೆಗಳನ್ನು ತೆಗೆಯಲು ಆಗ ಜಾಗದ ಕೊರತೆಯೂ ಒಂದು ಕಾರಣವಾಗಿತ್ತು.

ಡೈರೆಕ್ಟರಿ ಸೇವೆಯ ಕಲ್ಪನೆ ಬೆಳೆದದ್ದು ಬೇರೊಂದು ದಾರಿಯಲ್ಲಿ. 1988ರಲ್ಲಿ ಎಕ್ಸ್.500 ಮಾನದಂಡ ಪ್ರಕಟವಾಯಿತು. ಅದನ್ನು ಹಗುರಗೊಳಿಸಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಎಲ್‌ಡ್ಯಾಪ್ 1993ರಲ್ಲಿ ಹೊರಬಂತು. ಅದೇ ವರ್ಷ ನಾವೆಲ್ ಕಂಪನಿ ನೆಟ್‌ವೇರ್ 4ರ ಜೊತೆ ತನ್ನ ಡೈರೆಕ್ಟರಿಯನ್ನು ಬಿಡುಗಡೆ ಮಾಡಿತು. ನಾವೆಲ್‌ನ ಝೆನ್‌ವರ್ಕ್ಸ್ ತಂತ್ರಾಂಶದಲ್ಲಿ, ಗೊತ್ತಾದ ದಿನಗಳವರೆಗೆ ಬಳಕೆಯಾಗದ ಯಂತ್ರಗಳ ನಮೂದುಗಳನ್ನು ತಾನಾಗಿ ತೆಗೆದುಹಾಕುವ ನೀತಿಯೊಂದು ಇತ್ತು. ಆಕ್ಟಿವ್ ಡೈರೆಕ್ಟರಿ 2000ದ ಫೆಬ್ರವರಿ 17ರಂದು ವಿಂಡೋಸ್ 2000ದ ಅಂಗವಾಗಿ ಮಾರುಕಟ್ಟೆಗೆ ಬಂತು. ಎಲ್‌ಡ್ಯಾಪ್ ಶೋಧ, ಎಂಐಟಿಯಲ್ಲಿ ಹುಟ್ಟಿದ ಕರ್ಬರೋಸ್ ದೃಢೀಕರಣ, ಡಿಎನ್‌ಎಸ್ ಹೆಸರು ವ್ಯವಸ್ಥೆ ಇವು ಮೂರನ್ನೂ ಅದು ಒಂದುಗೂಡಿಸಿತು. ಆದರೆ ನಿಷ್ಕ್ರಿಯ ಯಂತ್ರಗಳನ್ನು ತಾನಾಗಿ ತೆಗೆಯುವ ಏರ್ಪಾಡು ಅದರಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಖಾತೆಯ ರಚನೆ

ಆಕ್ಟಿವ್ ಡೈರೆಕ್ಟರಿಯ ರಚನಾ ನಿಯಮಗಳಲ್ಲಿ ಕಂಪ್ಯೂಟರ್ ಎಂಬ ವರ್ಗ ಬಳಕೆದಾರ ಎಂಬ ವರ್ಗದಿಂದ ಹುಟ್ಟಿದ್ದು. ಹಾಗಾಗಿ ಮನುಷ್ಯರ ಖಾತೆಗಿರುವ ಹೆಚ್ಚಿನ ಲಕ್ಷಣಗಳು ಯಂತ್ರದ ಖಾತೆಗೂ ಇವೆ: ಲಾಗಿನ್ ಹೆಸರು, ಪಾಸ್‌ವರ್ಡ್, ಗುಂಪುಗಳ ಸದಸ್ಯತ್ವ, ಎಸ್‌ಐಡಿ ಎಂಬ ಭದ್ರತಾ ಗುರುತಿನ ಸಂಖ್ಯೆ. ಯಂತ್ರದ ಲಾಗಿನ್ ಹೆಸರಿನ ಕೊನೆಯಲ್ಲಿ ಡಾಲರ್ ಚಿಹ್ನೆ ಇರುತ್ತದೆ. ಹಳೆಯ ನೆಟ್‌ಬಯಾಸ್ ಮಿತಿಯ ಕಾರಣ ಹೆಸರು 15 ಅಕ್ಷರ ಮೀರುವಂತಿಲ್ಲ. ಖಾತೆ ಯಾವ ಬಗೆಯದು ಎಂಬುದನ್ನು ಒಂದು ಸಂಖ್ಯೆ ಹೇಳುತ್ತದೆ. ಸಾಮಾನ್ಯ ಯಂತ್ರಕ್ಕೆ 4096, ಡೈರೆಕ್ಟರಿಯನ್ನು ಇಟ್ಟುಕೊಂಡು ಲಾಗಿನ್‌ಗಳನ್ನು ದೃಢೀಕರಿಸುವ ಸರ್ವರ್ ಆದ ಡೊಮೇನ್ ಕಂಟ್ರೋಲರ್‌ಗೆ 8192, ಇವುಗಳಿಗೆ 2 ಸೇರಿಸಿದರೆ ಖಾತೆ ತಡೆಹಿಡಿದಿದೆ ಎಂದು ಅರ್ಥ. ಪಟ್ಟಿಗಳಲ್ಲಿ ಮತ್ತೆ ಮತ್ತೆ ಕಾಣುವ 4098 ಎಂಬ ಸಂಖ್ಯೆ ತಡೆಹಿಡಿದ ಸಾಮಾನ್ಯ ಯಂತ್ರದ್ದು.

ಪಾಸ್‌ವರ್ಡ್ ವಿಷಯದಲ್ಲಿ ಮಾತ್ರ ಯಂತ್ರ ಮನುಷ್ಯನಂತಲ್ಲ. ಯಂತ್ರ ತನ್ನ ಪಾಸ್‌ವರ್ಡನ್ನು ತಾನೇ ಬದಲಿಸಿಕೊಳ್ಳುತ್ತದೆ. ಎನ್‌ಟಿ ಕಾಲದಲ್ಲಿ 7 ದಿನಕ್ಕೊಮ್ಮೆ ನಡೆಯುತ್ತಿದ್ದ ಈ ಬದಲಾವಣೆ ವಿಂಡೋಸ್ 2000ದಿಂದ ಈಚೆಗೆ ಪೂರ್ವನಿಯೋಜಿತವಾಗಿ 30 ದಿನಕ್ಕೊಮ್ಮೆ ಆಗುತ್ತದೆ. ಬದಲಾವಣೆಗೆ ಚಾಲನೆ ಕೊಡುವುದು ಯಂತ್ರದಲ್ಲಿರುವ ನೆಟ್‌ಲಾಗಾನ್ ಸೇವೆ. ಡೊಮೇನ್ ಕಂಟ್ರೋಲರ್ ಅದನ್ನು ಕೇಳುವುದೂ ಇಲ್ಲ, ಒತ್ತಾಯಿಸುವುದೂ ಇಲ್ಲ. ಯಂತ್ರದ ಪಾಸ್‌ವರ್ಡ್‌ಗೆ ಅವಧಿ ಮುಗಿಯುವುದು ಎಂಬುದೇ ಇಲ್ಲ. ಬೀರುವಿನಲ್ಲಿ ಆರು ತಿಂಗಳು ಬಿದ್ದಿದ್ದ ಲ್ಯಾಪ್‌ಟಾಪನ್ನು ಮತ್ತೆ ಜಾಲಕ್ಕೆ ಜೋಡಿಸಿದರೆ, ಅದರ ಖಾತೆಯನ್ನು ಯಾರೂ ಮುಟ್ಟಿರದಿದ್ದರೆ, ಹಳೆಯ ಪಾಸ್‌ವರ್ಡ್‌ನಿಂದಲೇ ಅದು ಡೊಮೇನ್‌ಗೆ ಸೇರಿಕೊಂಡು ಆಮೇಲೆ ಹೊಸದನ್ನು ಇಟ್ಟುಕೊಳ್ಳುತ್ತದೆ. 30 ದಿನ ಮೀರಿದರೆ ಯಂತ್ರ ಡೊಮೇನ್‌ನಿಂದ ತಾನಾಗಿ ಕಳಚಿಕೊಳ್ಳುತ್ತದೆ ಎಂಬ ನಂಬಿಕೆ ಕಚೇರಿಗಳಲ್ಲಿ ವ್ಯಾಪಕವಾಗಿದ್ದರೂ ಅದು ನಿಜವಲ್ಲ.

ಹೊಸ ಖಾತೆಗಳು ಬೇರೆ ಸೂಚನೆ ಇಲ್ಲದಿದ್ದರೆ ಕಂಪ್ಯೂಟರ್ಸ್ ಎಂಬ ಪೂರ್ವನಿಗದಿತ ಕಂಟೇನರ್‌ನಲ್ಲಿ ಹುಟ್ಟುತ್ತವೆ. ಡೊಮೇನ್‌ನಲ್ಲಿ ದೃಢೀಕೃತನಾದ ಯಾವುದೇ ಬಳಕೆದಾರ 10 ಯಂತ್ರಗಳನ್ನು ಸೇರಿಸಬಹುದು ಎಂಬುದು ಪೂರ್ವನಿಯೋಜಿತ ಅನುಮತಿ. ಖಾತೆಗಳು ಲೆಕ್ಕವಿಲ್ಲದೆ ಬೆಳೆಯಲು ಇದೂ ಒಂದು ಕಾರಣ.

ಖಾತೆಗಳು ಉಳಿದುಬಿಡುವ ಬಗೆ

ಯಂತ್ರ ಡೊಮೇನ್‌ಗೆ ಸೇರುವಾಗ ಅದಕ್ಕೊಂದು ಕ್ರಮವಿದೆ. ಹೊರಹೋಗುವಾಗ ಹೆಚ್ಚಿನ ಸಂದರ್ಭಗಳಲ್ಲಿ ಯಾವ ಕ್ರಮವೂ ಇರುವುದಿಲ್ಲ. ತಟ್ಟೆ (ಡಿಸ್ಕ್) ಕೆಟ್ಟ ಕಂಪ್ಯೂಟರ್ ಗುಜರಿಗೆ ಹೋಗುತ್ತದೆ, ಲ್ಯಾಪ್‌ಟಾಪ್ ಕಳುವಾಗುತ್ತದೆ, ಬಾಡಿಗೆಯ ಯಂತ್ರಗಳು ಮರಳುತ್ತವೆ, ವಿಂಡೋಸ್ ಮರುಸ್ಥಾಪಿಸುವಾಗ ಹೊಸ ಹೆಸರು ಇಡಲಾಗುತ್ತದೆ. ಇವುಗಳಲ್ಲಿ ಯಾವುದನ್ನೂ ಡೈರೆಕ್ಟರಿಗೆ ಯಾರೂ ತಿಳಿಸುವುದಿಲ್ಲ. ಸಾವಿನ ನೋಂದಣಿ ಆಗದ ಊರಿನ ಮತದಾರರ ಪಟ್ಟಿಯಂತೆ ಹೆಸರುಗಳು ಉಳಿಯುತ್ತಲೇ ಹೋಗುತ್ತವೆ. ಯಂತ್ರವನ್ನು ಕ್ರಮಬದ್ಧವಾಗಿ ಡೊಮೇನ್‌ನಿಂದ ಬಿಡಿಸಿದಾಗಲೂ, ಸಾಕಷ್ಟು ಹಕ್ಕಿರುವವರು ಮಾಡಿದ್ದರೆ, ಖಾತೆ ಸಾಮಾನ್ಯವಾಗಿ ತಡೆಹಿಡಿದ ಸ್ಥಿತಿಗೆ ಹೋಗುತ್ತದೆಯೇ ಹೊರತು ಅಳಿಯುವುದಿಲ್ಲ.

ಕಾರ್ಯಾಚರಣಾ ವ್ಯವಸ್ಥೆಗಳ ಬೆಂಬಲ ಮುಗಿಯುವ ಹೊತ್ತಿಗೆ ಇಂಥ ಖಾತೆಗಳು ಒಟ್ಟೊಟ್ಟಿಗೆ ಹೆಚ್ಚುತ್ತವೆ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಂತಿತು. ಆಸುಪಾಸಿನ ತಿಂಗಳುಗಳಲ್ಲಿ ಯಂತ್ರಗಳನ್ನು ಗುಂಪಾಗಿ ಬದಲಿಸುವ ಸಂಸ್ಥೆಗಳಲ್ಲಿ ಹಳೆಯ ಹೆಸರುಗಳು ಅಷ್ಟೇ ದೊಡ್ಡ ಗುಂಪಾಗಿ ಹಿಂದೆ ಉಳಿಯುತ್ತವೆ.

ನಿಷ್ಕ್ರಿಯತೆಯ ಸೂಚಕಗಳು

ಯಂತ್ರ ಸತ್ತಿದೆ ಎಂದು ನೇರವಾಗಿ ಹೇಳುವ ಲಕ್ಷಣ ಡೈರೆಕ್ಟರಿಯಲ್ಲಿ ಒಂದೂ ಇಲ್ಲ. ಇರುವುದು ಅದು ಕೊನೆಯ ಬಾರಿ ಯಾವಾಗ ಮಾತಾಡಿತು ಎಂಬ ಸುಳಿವು ಮಾತ್ರ, ಅದೂ ಬೇರೆ ಬೇರೆ ನಿಖರತೆಯ ಹಲವು ಸುಳಿವುಗಳು. ತೆರವಿನಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ಸುಳಿವುಗಳನ್ನು ತಪ್ಪಾಗಿ ಓದಿದ್ದರಿಂದ ಬರುತ್ತವೆ.

ಮೊದಲನೆಯದು ಲಾಸ್ಟ್‌ಲಾಗಾನ್. ಯಂತ್ರವನ್ನು ದೃಢೀಕರಿಸಿದ ಡೊಮೇನ್ ಕಂಟ್ರೋಲರ್ ಆ ಕ್ಷಣವನ್ನು ತನ್ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ನಿಖರವಾದ ಮಾಹಿತಿ, ಆದರೆ ಇದು ಇತರ ಕಂಟ್ರೋಲರ್‌ಗಳಿಗೆ ಪ್ರತಿಯಾಗುವುದಿಲ್ಲ. ಹತ್ತು ಕಂಟ್ರೋಲರ್‌ಗಳಿದ್ದರೆ ಹತ್ತು ಬೇರೆ ಬೇರೆ ಮೌಲ್ಯಗಳು ಇರಬಹುದು. ಎಲ್ಲವನ್ನೂ ಕೇಳಿ ಅತ್ಯಂತ ಈಚಿನದನ್ನು ಆರಿಸಬೇಕು. ಒಂದೇ ಕಂಟ್ರೋಲರ್‌ನ ಉತ್ತರವನ್ನು ನಂಬಿದರೆ, ಇನ್ನೊಂದು ಶಾಖೆಯಲ್ಲಿ ದಿನವೂ ಓಡುತ್ತಿರುವ ಯಂತ್ರ ವರ್ಷಗಳಿಂದ ಸುಮ್ಮನಿರುವಂತೆ ಕಾಣುತ್ತದೆ.

ಈ ತೊಡಕನ್ನು ಕಳೆಯಲು 2003ರ ವಿಂಡೋಸ್ ಸರ್ವರ್‌ನಲ್ಲಿ ಲಾಸ್ಟ್‌ಲಾಗಾನ್‌ಟೈಮ್‌ಸ್ಟ್ಯಾಂಪ್ ಎಂಬ ಎರಡನೆಯ ಲಕ್ಷಣ ಬಂತು. ಇದು ಎಲ್ಲ ಕಂಟ್ರೋಲರ್‌ಗಳಿಗೂ ಪ್ರತಿಯಾಗುತ್ತದೆ. ಪ್ರತಿ ಲಾಗಿನ್‌ಗೂ ಪ್ರತಿ ಕಳುಹಿಸಿದರೆ ಜಾಲದ ಮೇಲೆ ಹೊರೆ ಬೀಳುತ್ತದೆಂದು ಇದನ್ನು ಬೇಕೆಂದೇ ಒರಟಾಗಿ ಇಡಲಾಗಿದೆ. ಯಂತ್ರ ಲಾಗಿನ್ ಆದಾಗ, ಇರುವ ಮೌಲ್ಯ ಸಾಕಷ್ಟು ಹಳೆಯದಾಗಿದ್ದರೆ ಮಾತ್ರ ಅದು ಬದಲಾಗುತ್ತದೆ. ಸಾಕಷ್ಟು ಎಂದರೆ 14 ದಿನದಲ್ಲಿ 0ಯಿಂದ 5ರವರೆಗಿನ ಯಾದೃಚ್ಛಿಕ ದಿನಗಳನ್ನು ಕಳೆದು ಉಳಿದಷ್ಟು, ಅಂದರೆ 9ರಿಂದ 14 ದಿನ. ಎಲ್ಲ ಯಂತ್ರಗಳ ಬದಲಾವಣೆ ಒಂದೇ ದಿನ ಮುಗಿಬೀಳದಿರಲಿ ಎಂಬುದಕ್ಕೆ ಈ ಯಾದೃಚ್ಛಿಕ ಕಡಿತ. ಹೀಗಾಗಿ ನಿನ್ನೆ ಓಡಿದ ಯಂತ್ರದ ಮೌಲ್ಯ ಎರಡು ವಾರ ಹಿಂದಿನದಾಗಿರಬಹುದು. ಒಂದು ವಾರದ ನಿಷ್ಕ್ರಿಯತೆಯನ್ನು ಈ ಲಕ್ಷಣದಿಂದ ಅಳೆಯಲು ಬರುವುದಿಲ್ಲ. ಮೂರು ತಿಂಗಳನ್ನು ಅಳೆಯಲು ಧಾರಾಳವಾಗಿ ಬರುತ್ತದೆ.

ಮೂರನೆಯದು ಪಿಡಬ್ಲ್ಯೂಡಿ‌ಲಾಸ್ಟ್‌ಸೆಟ್, ಅಂದರೆ ಪಾಸ್‌ವರ್ಡ್ ಕೊನೆಯ ಬಾರಿ ಬದಲಾದ ಹೊತ್ತು. ಇದೂ ಪ್ರತಿಯಾಗುತ್ತದೆ, ಆಕ್ಟಿವ್ ಡೈರೆಕ್ಟರಿಯ ಮೊದಲ ಆವೃತ್ತಿಯಿಂದಲೂ ಇದೆ. ಆರೋಗ್ಯವಾಗಿರುವ ವಿಂಡೋಸ್ ಯಂತ್ರದಲ್ಲಿ ಇದು 30 ದಿನಕ್ಕಿಂತ ಬಹಳ ಹಳೆಯದಾಗಿರಬಾರದು. ಎರಡನೆಯ ಮತ್ತು ಮೂರನೆಯ ಸುಳಿವುಗಳೆರಡೂ ಹಳೆಯದಾದಾಗ ಮಾತ್ರ ಖಾತೆಯನ್ನು ನಿಷ್ಕ್ರಿಯವೆಂದು ಎಣಿಸುವುದು ರೂಢಿ. ಎರಡು ಸುಳಿವುಗಳು ಒಂದಕ್ಕೊಂದು ಹೊಂದದಿದ್ದರೆ ಅದೇ ಒಂದು ಮಾಹಿತಿ. ಲಾಗಿನ್ ಈಚಿನದು, ಪಾಸ್‌ವರ್ಡ್ ಮಾತ್ರ ವರ್ಷಗಟ್ಟಲೆ ಹಳೆಯದು ಎಂದಾದರೆ ಅದು ಪಾಸ್‌ವರ್ಡ್ ಬದಲಾವಣೆಯನ್ನು ನಿಲ್ಲಿಸಿರುವ ಯಂತ್ರ, ಇಲ್ಲವೇ ವಿಂಡೋಸ್ ಅಲ್ಲದ ಸಾಧನ.

ನಮೂದು ಯಾವಾಗ ಬದಲಾಯಿತು ಎಂದು ಹೇಳುವ ವೆನ್‌ಚೇಂಜ್ಡ್ ಲಕ್ಷಣ ಈ ಕೆಲಸಕ್ಕೆ ಒದಗುವುದಿಲ್ಲ. ಆಡಳಿತಗಾರ ವಿವರಣೆಯಲ್ಲಿ ಒಂದಕ್ಷರ ತಿದ್ದಿದರೂ ಅದು ಹೊಸದಾಗುತ್ತದೆ. ಲಾಸ್ಟ್‌ಲಾಗಾನ್‌ಟೈಮ್‌ಸ್ಟ್ಯಾಂಪ್‌ನಲ್ಲಿಯೂ ಅಪರೂಪಕ್ಕೆ ಇಂಥ ಸುಳ್ಳು ಸಂಜ್ಞೆ ಸಿಗುತ್ತದೆ: ಒಂದು ಖಾತೆಗೆ ಯಾವ ಯಾವ ಅನುಮತಿಗಳಿವೆ ಎಂದು ಪರೀಕ್ಷಿಸುವ ಕೆಲವು ಕ್ರಿಯೆಗಳು ಕರ್ಬರೋಸ್‌ನಲ್ಲಿ ಆ ಖಾತೆಯ ಪರವಾಗಿ ಟಿಕೆಟ್ ಪಡೆಯುವುದರಿಂದ, ಯಂತ್ರ ಇಲ್ಲದಿದ್ದರೂ ಸಮಯ ಹೊಸದಾಗಬಹುದು.

ಈ ಸಮಯಗಳೆಲ್ಲ 1601ರ ಜನವರಿ 1ರಿಂದ ಕಳೆದ 100 ನ್ಯಾನೋಸೆಕೆಂಡ್‌ಗಳ ಎಣಿಕೆಯಾಗಿ ಸಂಗ್ರಹವಾಗಿರುತ್ತವೆ. ಶೋಧ ನಡೆಸುವವರು ದಿನಾಂಕವನ್ನು ಈ ಎಣಿಕೆಗೆ ಪರಿವರ್ತಿಸಿಕೊಳ್ಳಬೇಕು. ಒಮ್ಮೆಯೂ ಲಾಗಿನ್ ಆಗದ ಖಾತೆಯಲ್ಲಿ ಲಕ್ಷಣವೇ ಇರುವುದಿಲ್ಲ. ಇಂಥ ದಿನಾಂಕಕ್ಕಿಂತ ಹಿಂದಿನದು ಎಂಬ ಎಲ್‌ಡ್ಯಾಪ್ ಶೋಧಕ್ಕೆ ಅದು ಸಿಗುವುದಿಲ್ಲ. ಇವುಗಳನ್ನು ಬೇರೆಯಾಗಿ ಹುಡುಕಿ, ಖಾತೆ ಹುಟ್ಟಿದ ದಿನಾಂಕದೊಂದಿಗೆ ಹೋಲಿಸಬೇಕು.

ಅವಧಿಯ ನಿರ್ಧಾರ

ಪಾಸ್‌ವರ್ಡ್‌ನ 30 ದಿನ, ಟೈಮ್‌ಸ್ಟ್ಯಾಂಪ್‌ನ 14 ದಿನ ಇವೆರಡನ್ನು ಕೂಡಿದರೆ ಸುಮಾರು 45 ದಿನ; ತಾಂತ್ರಿಕವಾಗಿ ಇದಕ್ಕಿಂತ ಕಡಿಮೆ ಅವಧಿಗೆ ಆಧಾರವಿಲ್ಲ. ಸಿಐಎಸ್ ಕಂಟ್ರೋಲ್ಸ್ ಎಂಬ ಭದ್ರತಾ ಮಾರ್ಗಸೂಚಿಯ 8ನೆಯ ಆವೃತ್ತಿಯೂ ಸುಪ್ತ ಖಾತೆಗಳನ್ನು 45 ದಿನಗಳ ನಂತರ ತಡೆಹಿಡಿಯಲು ಅಥವಾ ಅಳಿಸಲು ಹೇಳುತ್ತದೆ. ಆಚರಣೆಯಲ್ಲಿ 90 ದಿನ ಹೆಚ್ಚು ಪ್ರಚಲಿತ. ಕೆಲವು ಸಂಸ್ಥೆಗಳು 180 ದಿನದವರೆಗೆ ಕಾಯುತ್ತವೆ. ಬೇಸಿಗೆ ರಜೆಯಲ್ಲಿ ಬೀಗ ಹಾಕುವ ಕಾಲೇಜು ಪ್ರಯೋಗಾಲಯ, ಹೆರಿಗೆ ರಜೆಯಲ್ಲಿರುವವರ ಲ್ಯಾಪ್‌ಟಾಪ್, ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆಗೆಂದು ಹೊರತೆಗೆಯುವ ಯಂತ್ರ ಇವು 90 ದಿನದ ಗೆರೆಯನ್ನು ಸುಲಭವಾಗಿ ದಾಟುತ್ತವೆ. ಮನೆಯಿಂದ ಕೆಲಸ ಮಾಡುವವರ ಲ್ಯಾಪ್‌ಟಾಪ್ ಇನ್ನೊಂದು ಬಗೆ. ಅದರಲ್ಲಿ ಉಳಿಸಿಟ್ಟ ಗುರುತಿನಿಂದ ಲಾಗಿನ್ ನಡೆಯುವುದರಿಂದ, ವಿಪಿಎನ್ ಜೋಡಿಸದ ಹೊರತು ಡೊಮೇನ್ ಕಂಟ್ರೋಲರ್‌ಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ದಿನಕ್ಕೆ ಎಂಟು ತಾಸು ದುಡಿಯುವ ಯಂತ್ರ ಡೈರೆಕ್ಟರಿಯ ಕಣ್ಣಿಗೆ ತಿಂಗಳುಗಟ್ಟಲೆ ಸತ್ತಂತಿರಬಹುದು.

ಹೊರತುಪಡಿಸಬೇಕಾದ ಖಾತೆಗಳು

ಕಂಪ್ಯೂಟರ್ ಖಾತೆ ಎಂದು ಕಾಣುವುದೆಲ್ಲ ಮೇಜಿನ ಮೇಲಿನ ಕಂಪ್ಯೂಟರ್ ಅಲ್ಲ. ವಿಂಡೋಸ್ ಫೇಲ್‌ಓವರ್ ಕ್ಲಸ್ಟರ್‌ಗೂ ಅದರೊಳಗಿನ ಪ್ರತಿ ವರ್ಚುವಲ್ ಹೆಸರಿಗೂ ತಲಾ ಒಂದು ಕಂಪ್ಯೂಟರ್ ಖಾತೆ ಇರುತ್ತದೆ. ಇವು ಯಾವ ಭೌತಿಕ ಯಂತ್ರಕ್ಕೂ ಸೇರಿದವಲ್ಲ. ಆಸ್ತಿ ದಾಖಲೆಯಲ್ಲಿ ಹೆಸರು ಸಿಗಲಿಲ್ಲವೆಂದು ಅಳಿಸಿದರೆ ಕ್ಲಸ್ಟರ್‌ನ ಆ ಹೆಸರು ಚಾಲನೆಗೆ ಬಾರದೆ ಅದನ್ನು ನೆಚ್ಚಿದ ಸೇವೆ ನಿಲ್ಲಬಹುದು.

ಲಿನಕ್ಸ್ ಸರ್ವರ್‌ಗಳು, ಕಡತ ಸಂಗ್ರಹ ಸಾಧನಗಳು, ಮ್ಯಾಕ್ ಯಂತ್ರಗಳು ತಮ್ಮದೇ ಲಯದಲ್ಲಿ ಪಾಸ್‌ವರ್ಡ್ ಬದಲಿಸುತ್ತವೆ. ಸಾಂಬಾದ ಪೂರ್ವನಿಯೋಜಿತ ಅವಧಿ 7 ದಿನ, ಮ್ಯಾಕ್‌ನದು 14 ದಿನ. ಕೆಲವು ಸಂಗ್ರಹ ಸಾಧನಗಳು ಬದಲಿಸುವುದೇ ಇಲ್ಲ. ಮೈಕ್ರೋಸಾಫ್ಟ್‌ನ ಮೋಡ (ಕ್ಲೌಡ್) ಸೇವೆಗೆ ಏಕಲಾಗಿನ್ ಒದಗಿಸುವ ಅಜ್ಯೂರ್‌ಎಡಿಎಸ್‌ಎಸ್‌ಒಎಸಿಸಿ ಎಂಬ ಖಾತೆಯೂ ಕಂಪ್ಯೂಟರ್ ಖಾತೆಯೇ. ಅದರ ಹಿಂದೆ ಯಂತ್ರವಿಲ್ಲ, ಪಾಸ್‌ವರ್ಡ್ ತಾನಾಗಿ ಬದಲಾಗುವುದಿಲ್ಲ, ಹೆಸರು ನೋಡಿದರೆ ಯಾರೋ ಬಿಟ್ಟುಹೋದದ್ದರಂತಿದೆ. ಅಳಿಸಿದರೆ ಏಕಲಾಗಿನ್ ನಿಲ್ಲುತ್ತದೆ.

ಸೇವೆಗಳಿಗಾಗಿಯೇ ಇರುವ ನಿರ್ವಹಿತ ಸೇವಾ ಖಾತೆಗಳ ವರ್ಗ ಕಂಪ್ಯೂಟರ್ ವರ್ಗದಿಂದ ಹುಟ್ಟಿದ್ದು. ಆದ್ದರಿಂದ ವರ್ಗದ ಹೆಸರಿನಿಂದ ಶೋಧಿಸಿದರೆ ಅವೂ ಪಟ್ಟಿಯಲ್ಲಿ ಬರುತ್ತವೆ. ಪ್ರಕಾರದ ಲಕ್ಷಣದಿಂದ ಶೋಧಿಸಿದರೆ ಬರುವುದಿಲ್ಲ. ಮುಂಚಿತವಾಗಿ ತೆರೆದಿಟ್ಟು ಯಂತ್ರ ಬರುವುದನ್ನು ಕಾಯುತ್ತಿರುವ ಖಾತೆಗಳನ್ನು ಹುಟ್ಟಿದ ದಿನಾಂಕ ನೋಡಿ ಬಿಡಬೇಕು. ಡೊಮೇನ್ ಕಂಟ್ರೋಲರ್‌ಗಳ ಖಾತೆಗಳನ್ನು ಈ ಕ್ರಮದೊಳಗೆ ತರುವಂತೆಯೇ ಇಲ್ಲ. ಸತ್ತ ಕಂಟ್ರೋಲರನ್ನು ತೆಗೆಯುವುದು ಮೆಟಾಡೇಟಾ ಶುದ್ಧೀಕರಣ ಎಂಬ ಬೇರೆಯೇ ವಿಧಿ.

ತೆರವಿನ ಹಂತಗಳು

ಸುಳಿವುಗಳು ಪರೋಕ್ಷವಾದುದರಿಂದ ಕ್ರಮವನ್ನು ಹಿಂದೆಗೆಯಲು ಸಾಧ್ಯವಾಗುವಂತೆ ಹಂತಗಳಾಗಿ ಒಡೆಯುವುದು ಎಲ್ಲೆಡೆ ಕಂಡುಬರುವ ಪದ್ಧತಿ. ಮೊದಲು ಪಟ್ಟಿ ತಯಾರಿಸಿ ಹೊರತುಪಡಿಸಬೇಕಾದವನ್ನು ತೆಗೆದು, ಆಸ್ತಿ ದಾಖಲೆ, ಡಿಎಚ್‌ಸಿಪಿ ವಿತರಣೆ, ವೈರಸ್‌ನಿರೋಧಕ ತಂತ್ರಾಂಶದ ವರದಿ ಇವುಗಳೊಂದಿಗೆ ತಾಳೆ ನೋಡಲಾಗುತ್ತದೆ. ಉಳಿದ ಖಾತೆಗಳನ್ನು ತಡೆಹಿಡಿದು, ವಿವರಣೆಯ ಜಾಗದಲ್ಲಿ ದಿನಾಂಕ, ಕಾರಣ ಮತ್ತು ಮೊದಲಿದ್ದ ಸಾಂಸ್ಥಿಕ ಘಟಕದ ಹೆಸರನ್ನು ಬರೆದು, ಅದಕ್ಕೆಂದೇ ಮೀಸಲಾದ ಘಟಕವೊಂದಕ್ಕೆ ಸಾಗಿಸುತ್ತಾರೆ.

ತಡೆಹಿಡಿಯುವುದರಿಂದ ಖಾತೆಯ ಪಾಸ್‌ವರ್ಡ್, ಎಸ್‌ಐಡಿ, ಗುಂಪುಗಳು ಯಾವುವೂ ಬದಲಾಗುವುದಿಲ್ಲ. ಯಾರಾದರೂ ದೂರಿದರೆ ಖಾತೆಯನ್ನು ಮತ್ತೆ ತೆರೆದ ಕೂಡಲೇ ಯಂತ್ರ ಏನೂ ಆಗಿಲ್ಲವೆಂಬಂತೆ ಕೆಲಸಕ್ಕೆ ಮರಳುತ್ತದೆ. ಖಾತೆಯನ್ನು ರೀಸೆಟ್ ಮಾಡುವುದು ಹಾಗಲ್ಲ; ಅದರಿಂದ ಪಾಸ್‌ವರ್ಡ್ ಆರಂಭಿಕ ಸ್ಥಿತಿಗೆ ಹೋಗಿ ಯಂತ್ರದ ಬಳಿ ಇರುವ ಗುಟ್ಟು ಹೊಂದದಂತಾಗುತ್ತದೆ. ಆಗ ಕಾಣುವುದೇ ಯಂತ್ರಕ್ಕೂ ಡೊಮೇನ್‌ಗೂ ನಡುವಣ ನಂಬಿಕೆಯ ಸಂಬಂಧ ಮುರಿದಿದೆ ಎಂಬ, ಸಹಾಯವಾಣಿಗಳಿಗೆ ಚಿರಪರಿಚಿತವಾದ ಸಂದೇಶ.

ತಡೆಹಿಡಿದ ಖಾತೆಗಳು ಸಾಮಾನ್ಯವಾಗಿ ಇನ್ನೂ 30ರಿಂದ 90 ದಿನ ಹಾಗೆಯೇ ಇರುತ್ತವೆ. ಈ ಅವಧಿಯಲ್ಲಿ ಕಂಟ್ರೋಲರ್‌ಗಳ ದಾಖಲೆಯಲ್ಲಿ ನೆಟ್‌ಲಾಗಾನ್ ದೋಷಗಳನ್ನು ಗಮನಿಸಿದರೆ ಬದುಕಿರುವ ಯಂತ್ರ ತಾನೇ ಬಾಗಿಲು ತಟ್ಟುವುದು ಗೊತ್ತಾಗುತ್ತದೆ. ಖಾತೆಯ ಸೃಷ್ಟಿ, ಬದಲಾವಣೆ, ಅಳಿಸುವಿಕೆಗಳು ಭದ್ರತಾ ದಾಖಲೆಯಲ್ಲಿ ಕ್ರಮವಾಗಿ 4741, 4742, 4743 ಎಂಬ ಸಂಖ್ಯೆಗಳಲ್ಲಿ ಬೀಳುತ್ತವೆ.

ಅಳಿಸುವ ಮುನ್ನ ನೋಡಬೇಕಾದದ್ದು ಖಾತೆಯ ಒಳಗೆ ಏನಿದೆ ಎಂಬುದು. ಬಿಟ್‌ಲಾಕರ್‌ನಿಂದ ಗೂಢಲಿಪೀಕರಿಸಿದ ತಟ್ಟೆಯ ಚೇತರಿಕೆ ಕೀಲಿಯನ್ನು ಡೈರೆಕ್ಟರಿಯಲ್ಲಿ ಇಡುವ ಸಂಸ್ಥೆಗಳಲ್ಲಿ ಆ ಕೀಲಿ ಕಂಪ್ಯೂಟರ್ ಖಾತೆಯ ಅಡಿಯಲ್ಲಿ ಮರಿ ನಮೂದಾಗಿ ಇರುತ್ತದೆ. ತಾಯಿ ನಮೂದು ಅಳಿದರೆ ಮರಿಯೂ ಹೋಗುತ್ತದೆ. ಯಂತ್ರ ಮೂಲೆಗೆ ಬಿದ್ದಿರಬಹುದು, ಆದರೆ ಅದರ ತಟ್ಟೆಯಲ್ಲಿರುವ ಕಡತ ಒಂದು ಮೊಕದ್ದಮೆಗೋ ತನಿಖೆಗೋ ನಾಳೆ ಬೇಕಾಗಬಹುದು; ಕೀಲಿ ಇಲ್ಲದೆ ಅದನ್ನು ತೆರೆಯಲಾಗದು. ಲ್ಯಾಪ್ಸ್ ವ್ಯವಸ್ಥೆ ಕಾಯ್ದಿಡುವ ಸ್ಥಳೀಯ ಆಡಳಿತಗಾರನ ಪಾಸ್‌ವರ್ಡ್ ಕೂಡ ಖಾತೆಯದೇ ಲಕ್ಷಣವಾದ್ದರಿಂದ ಅದರೊಂದಿಗೇ ಅಳಿಯುತ್ತದೆ. ಮರಿ ನಮೂದುಗಳಿರುವ ಖಾತೆಯನ್ನು ಸರಳ ಆದೇಶದಿಂದ ಅಳಿಸಲು ಹೋದರೆ ದೋಷ ಬರುತ್ತದೆ. ಅದನ್ನು ಅಡ್ಡಿಯೆಂದು ತಿಳಿದು ಒಳಗಿನದೆಲ್ಲವನ್ನೂ ಸೇರಿಸಿ ಅಳಿಸುವ ಆದೇಶ ಕೊಡುವ ಬದಲು, ಒಳಗೆ ಇರುವುದು ಕೀಲಿಯೇ ಎಂದು ನೋಡಲು ಸಿಕ್ಕ ಸಂದರ್ಭವೆಂದು ಎಣಿಸುವುದು ಸುರಕ್ಷಿತ.

ಉಪಕರಣಗಳು

ಆರಂಭದ ವರ್ಷಗಳಲ್ಲಿ ವಿಬಿಸ್ಕ್ರಿಪ್ಟ್‌ನಲ್ಲಿ ಬರೆದ ಕಿರು ಕಾರ್ಯಕ್ರಮಗಳೇ ಆಧಾರ. 2003ರ ಸರ್ವರ್‌ನೊಂದಿಗೆ ಡಿಎಸ್‌ಕ್ವೆರಿ ಎಂಬ ಆದೇಶ ಬಂತು. ವಾರಗಳ ಲೆಕ್ಕದಲ್ಲಿ ನಿಷ್ಕ್ರಿಯ ಯಂತ್ರಗಳನ್ನೂ ದಿನಗಳ ಲೆಕ್ಕದಲ್ಲಿ ಹಳೆಯ ಪಾಸ್‌ವರ್ಡ್ ಇರುವವನ್ನೂ ಅದು ಹುಡುಕಿಕೊಡುತ್ತದೆ. ಮಿತಿಯನ್ನು ತೆಗೆಯದಿದ್ದರೆ 100 ಹೆಸರುಗಳಿಗೆ ನಿಲ್ಲುವುದು ಅದರ ಪೂರ್ವನಿಯೋಜಿತ ನಡವಳಿಕೆ. ಪಟ್ಟಿ ಸರಿಯಾಗಿ ನೂರಕ್ಕೆ ಮುಗಿದಿದ್ದರೆ ಅದು ಪೂರ್ಣವಲ್ಲ ಎಂದೇ ತಿಳಿಯಬೇಕು. ಜೋವೇರ್ ಸಂಗ್ರಹದ ಓಲ್ಡ್‌ಕಂಪ್ ಎಂಬ ಉಚಿತ ಉಪಕರಣ ಇದೇ ಕೆಲಸಕ್ಕೆಂದು ರೂಪುಗೊಂಡು ಆಡಳಿತಗಾರರ ನಡುವೆ ಹೆಸರಾಯಿತು.

ವಿಂಡೋಸ್ ಸರ್ವರ್ 2008 ಆರ್2ರೊಂದಿಗೆ ಪವರ್‌ಶೆಲ್‌ಗೆ ಆಕ್ಟಿವ್ ಡೈರೆಕ್ಟರಿ ಮಾಡ್ಯೂಲ್ ಸೇರಿದ ಮೇಲೆ ಚಿತ್ರ ಬದಲಾಯಿತು. ಗೆಟ್-ಎಡಿಕಂಪ್ಯೂಟರ್ ಆದೇಶದಿಂದ ಪಟ್ಟಿ, ಡಿಸೇಬಲ್-ಎಡಿಅಕೌಂಟ್‌ನಿಂದ ತಡೆ, ಮೂವ್-ಎಡಿಆಬ್ಜೆಕ್ಟ್‌ನಿಂದ ಸಾಗಣೆ, ರಿಮೂವ್-ಎಡಿಕಂಪ್ಯೂಟರ್‌ನಿಂದ ಅಳಿಸುವಿಕೆ ಹೀಗೆ ಎಲ್ಲ ಹಂತಗಳೂ ಒಂದೇ ಭಾಷೆಯಲ್ಲಿ ಸಾಧ್ಯವಾದವು. ಏನನ್ನೂ ಬದಲಿಸದೆ, ಬದಲಿಸಿದರೆ ಏನಾಗುತ್ತಿತ್ತು ಎಂದಷ್ಟೇ ತೋರಿಸುವ ವಾಟ್‌ಇಫ್ ಎಂಬ ಆಯ್ಕೆ ಈ ಆದೇಶಗಳಲ್ಲಿದೆ. ಭದ್ರತಾ ಪರೀಕ್ಷೆಯ ಪಿಂಗ್‌ಕ್ಯಾಸಲ್ ಉಪಕರಣ ತನ್ನ ವರದಿಯ ನಾಲ್ಕು ವಿಭಾಗಗಳಲ್ಲಿ ಒಂದನ್ನು ಹಳತಾದ ನಮೂದುಗಳಿಗೇ ಮೀಸಲಿಟ್ಟಿದೆ.

ಭದ್ರತೆಯ ಸಂಬಂಧ

ನಿಷ್ಕ್ರಿಯ ಖಾತೆಯ ಅಪಾಯ ಅದರ ಹಿಂದೆ ಯಂತ್ರವಿಲ್ಲದಿರುವುದರಲ್ಲಿಲ್ಲ, ಅದರ ಹಕ್ಕುಗಳು ಹಾಗೆಯೇ ಇರುವುದರಲ್ಲಿದೆ. ಗುಜರಿಗೆ ಹೋದ ತಟ್ಟೆಯಲ್ಲಿ ಯಂತ್ರದ ಪಾಸ್‌ವರ್ಡ್ ಉಳಿದಿದ್ದು, ಖಾತೆಯೂ ತೆರೆದಿದ್ದರೆ, ತಟ್ಟೆ ಸಿಕ್ಕವರಿಗೆ ಡೊಮೇನ್‌ನ ಸದಸ್ಯತ್ವವೇ ಸಿಕ್ಕಂತೆ. ಖಾತೆಗೆ ಬೇರೆಯವರ ಪರವಾಗಿ ವ್ಯವಹರಿಸುವ ಡೆಲಿಗೇಶನ್ ಹಕ್ಕು ಇದ್ದರೆ ಅಪಾಯ ಇನ್ನೂ ದೊಡ್ಡದು.

ವಿಂಡೋಸ್ 2000ಕ್ಕಿಂತ ಹಿಂದಿನ ಯಂತ್ರಕ್ಕೆ ಎಂಬ ಆಯ್ಕೆಯೊಂದಿಗೆ ಮುಂಚಿತವಾಗಿ ತೆರೆದ ಖಾತೆಗಳದು ಪ್ರತ್ಯೇಕ ಸಮಸ್ಯೆ. ಇವುಗಳ ಆರಂಭಿಕ ಪಾಸ್‌ವರ್ಡ್ ಸಣ್ಣಕ್ಷರಗಳಲ್ಲಿ ಯಂತ್ರದ ಹೆಸರೇ. ಯಂತ್ರ ಸೇರಿದ ಮೇಲೆ ಅದು ಬದಲಾಗುತ್ತದೆ; ಯಂತ್ರ ಬಾರದೇ ಹೋದರೆ ಪಾಸ್‌ವರ್ಡ್ ಊಹೆಗೆ ಸಿಗುವ ಖಾತೆಯೊಂದು ವರ್ಷಗಟ್ಟಲೆ ಉಳಿಯುತ್ತದೆ. 2021ರ ನವೆಂಬರ್‌ನಲ್ಲಿ ಸರಿಪಡಿಸಲಾದ ಸಿವಿಇ-2021-42278 ಮತ್ತು 42287 ದೋಷಗಳನ್ನು ಜೋಡಿಸಿ, ಕಂಪ್ಯೂಟರ್ ಖಾತೆಗೆ ಡೊಮೇನ್ ಕಂಟ್ರೋಲರ್‌ನ ಹೆಸರು ಕೊಟ್ಟು ಇಡೀ ಡೊಮೇನನ್ನು ವಶಪಡಿಸಿಕೊಳ್ಳಲು ಬರುತ್ತಿತ್ತು. ಯಾರು ಬೇಕಾದರೂ 10 ಯಂತ್ರ ಸೇರಿಸಬಹುದೆಂಬ ಅನುಮತಿ ಆ ದಾಳಿಗೆ ದಾರಿ ಸುಗಮ ಮಾಡಿತ್ತು. ಆ ಬಳಿಕ ಈ ಮಿತಿಯನ್ನು ಸೊನ್ನೆಗೆ ಇಳಿಸಬೇಕೆಂಬ ಸಲಹೆಗೆ ಹೆಚ್ಚಿನ ಒತ್ತು ಬಂತು.

2022ರ ಅಕ್ಟೋಬರ್‌ನ ಭದ್ರತಾ ಪರಿಷ್ಕರಣೆ ಈ ಕೆಲಸಕ್ಕೆ ಹೊಸದೊಂದು ಕಾರಣವನ್ನೂ ಒದಗಿಸಿತು. ಅಲ್ಲಿಯವರೆಗೆ ಹಳೆಯ ಹೆಸರಿನಲ್ಲೇ ಯಂತ್ರವನ್ನು ಮರುಸ್ಥಾಪಿಸಿ ಇರುವ ಖಾತೆಗೆ ಜೋಡಿಸುವುದು ಸಲೀಸಾಗಿತ್ತು. ಆ ಪರಿಷ್ಕರಣೆಯ ಬಳಿಕ ಖಾತೆಯನ್ನು ಸೃಷ್ಟಿಸಿದವರಲ್ಲದೆ ಬೇರೆಯವರು ಜೋಡಿಸಲು ಹೋದರೆ, ಕೆಲವು ವಿನಾಯಿತಿಗಳ ಹೊರತು, ಕ್ರಿಯೆ ನಿಲ್ಲುತ್ತದೆ. ನಂಬಿಕಸ್ಥ ಖಾತೆಗಳಿಗೆ ಅನುಮತಿ ನೀಡುವ ಗ್ರೂಪ್ ಪಾಲಿಸಿ 2023ರ ಮಾರ್ಚ್‌ನಲ್ಲಿ ಬಂತು. ಹಿಂದೆ ನಿರುಪದ್ರವಿ ಎನಿಸಿದ್ದ ಹಳೆಯ ಖಾತೆ ಹೀಗೆ ಹೊಸ ಯಂತ್ರದ ದಾರಿಗೆ ಅಡ್ಡವಾಗಬಲ್ಲದು.

ಭದ್ರತೆಯ ಆಚೆಗೂ ಪರಿಣಾಮಗಳಿವೆ. ಪ್ಯಾಚ್ ಹಾಕಿದ ಯಂತ್ರಗಳ ಶೇಕಡಾವಾರು ಲೆಕ್ಕ ಸತ್ತ ಹೆಸರುಗಳಿಂದ ಕೆಳಗಿಳಿಯುತ್ತದೆ. ಮೈಕ್ರೋಸಾಫ್ಟ್‌ನ ಕಾನ್ಫಿಗರೇಶನ್ ಮ್ಯಾನೇಜರ್ ಇದನ್ನು ತಪ್ಪಿಸಲು, ಗೊತ್ತಾದ ದಿನಗಳೊಳಗೆ ಲಾಗಿನ್ ಆದ ಅಥವಾ ಪಾಸ್‌ವರ್ಡ್ ಬದಲಿಸಿದ ಯಂತ್ರಗಳನ್ನಷ್ಟೇ ಡೈರೆಕ್ಟರಿಯಿಂದ ಎತ್ತಿಕೊಳ್ಳುವ ಆಯ್ಕೆಗಳನ್ನು ಇಟ್ಟಿದೆ.

ಅಳಿಸಿದ ಖಾತೆಯ ಮರಳಿಕೆ

ಅಳಿಸಿದ ನಮೂದು ಕೂಡಲೇ ಮಾಯವಾಗುವುದಿಲ್ಲ. ಅಳಿದ ಸುದ್ದಿ ಎಲ್ಲ ಕಂಟ್ರೋಲರ್‌ಗಳಿಗೂ ಮುಟ್ಟಬೇಕಾದ್ದರಿಂದ ಅದು ಟೂಂಬ್‌ಸ್ಟೋನ್ ಎಂಬ ಗುರುತು ಹೊತ್ತು ಉಳಿಯುತ್ತದೆ. ಮೊದಲಿಗೆ 60 ದಿನವಿದ್ದ ಈ ಅವಧಿ 2003ರ ಸರ್ವರ್‌ನ ಮೊದಲ ಸರ್ವಿಸ್ ಪ್ಯಾಕ್‌ನಿಂದ ಹೊಸ ಫಾರೆಸ್ಟ್‌ಗಳಲ್ಲಿ (ಡೊಮೇನ್‌ಗಳ ಸಮೂಹಗಳಲ್ಲಿ) 180 ದಿನವಾಯಿತು. ಟೂಂಬ್‌ಸ್ಟೋನ್‌ನಿಂದ ಎತ್ತಿದ ಖಾತೆಗೆ ಎಸ್‌ಐಡಿ ಮರಳಿದರೂ ಗುಂಪುಗಳೂ ಬಹುಪಾಲು ಲಕ್ಷಣಗಳೂ ಮರಳುವುದಿಲ್ಲ. 2008 ಆರ್2ರಲ್ಲಿ ಬಂದ ರೀಸೈಕಲ್ ಬಿನ್ ಇವನ್ನೆಲ್ಲ ಉಳಿಸಿಕೊಳ್ಳುತ್ತದೆ. ಅದನ್ನು ಆಡಳಿತಗಾರ ಮೊದಲೇ ಚಾಲನೆಗೊಳಿಸಿರಬೇಕು, ಒಮ್ಮೆ ಚಾಲನೆಗೊಳಿಸಿದರೆ ನಿಲ್ಲಿಸಲಾಗದು. ಬಿಟ್‌ಲಾಕರ್ ಕೀಲಿಗಳನ್ನು ಮರಳಿಸುವಾಗ ಮೊದಲು ಕಂಪ್ಯೂಟರ್ ಖಾತೆಯನ್ನು, ನಂತರ ಮರಿ ನಮೂದುಗಳನ್ನು ಎತ್ತಬೇಕು.

ಅದೇ ಹೆಸರಿನಲ್ಲಿ ಹೊಸ ಖಾತೆ ತೆರೆದರೆ ಅದು ಹಳೆಯ ಖಾತೆಯ ಮರಳಿಕೆಯಲ್ಲ. ಹೊಸದಕ್ಕೆ ಬೇರೆ ಎಸ್‌ಐಡಿ ಸಿಗುತ್ತದೆ. ಹಳೆಯದಕ್ಕೆ ಕೊಟ್ಟಿದ್ದ ಯಾವ ಅನುಮತಿಯೂ ಅದಕ್ಕೆ ಅನ್ವಯಿಸದು.

ಖಾತೆಯ ಜೊತೆಗೇ ಹಳತಾಗುವ ಡಿಎನ್‌ಎಸ್ ದಾಖಲೆಗಳಿಗೆ ಸ್ಕ್ಯಾವೆಂಜಿಂಗ್ ಎಂಬ ಪ್ರತ್ಯೇಕ ಏರ್ಪಾಡಿದೆ. ಇದು ಪೂರ್ವನಿಯೋಜಿತವಾಗಿ 7 ದಿನಗಳ ಎರಡು ಅವಧಿಗಳ ಮೇಲೆ ನಡೆಯುತ್ತದೆ. ಕಂಪ್ಯೂಟರ್ ಖಾತೆಗಳಿಗೆ ಇಲ್ಲದ ಸ್ವಯಂಚಾಲನೆ ಇಲ್ಲಿದೆ, ಆದರೆ ಇದನ್ನೂ ಆಡಳಿತಗಾರ ಆರಂಭಿಸಿದರೆ ಮಾತ್ರ.

ಇತರ ಡೈರೆಕ್ಟರಿ ಸೇವೆಗಳು

2012ರ ಡಿಸೆಂಬರ್‌ನಲ್ಲಿ ಬಂದ ಸಾಂಬಾ 4 ಆಕ್ಟಿವ್ ಡೈರೆಕ್ಟರಿಯ ಕಂಟ್ರೋಲರ್ ಆಗಿಯೂ ಕೆಲಸ ಮಾಡಬಲ್ಲದು. ಖಾತೆಯ ರಚನೆ ಅಲ್ಲಿಯೂ ಇದೇ ಮಾದರಿಯದು. ಲಿನಕ್ಸ್ ಜಾಲಗಳ ಫ್ರೀಐಪಿಎಯಲ್ಲಿ ಯಂತ್ರಕ್ಕೆ ಹೋಸ್ಟ್ ನಮೂದು ಇರುತ್ತದೆ. ಅದನ್ನು ತಡೆಹಿಡಿಯುವ ಆದೇಶ ಆಕ್ಟಿವ್ ಡೈರೆಕ್ಟರಿಯದಕ್ಕಿಂತ ಕಟುವಾದದ್ದು: ಯಂತ್ರದ ಕರ್ಬರೋಸ್ ಕೀಲಿಯನ್ನೂ ಪ್ರಮಾಣಪತ್ರವನ್ನೂ ರದ್ದುಮಾಡಿ, ಅದರ ಮೇಲಿನ ಸೇವೆಗಳನ್ನೂ ನಿಲ್ಲಿಸುತ್ತದೆ. ಮರಳಿ ತರಬೇಕಾದರೆ ಹೊಸ ಕೀಲಿ ಪಡೆಯಬೇಕು.

ಇಂದಿನ ಸ್ಥಿತಿ

ಯಂತ್ರಗಳ ನೋಂದಣಿ ಈಗ ಮೋಡ ಸೇವೆಗಳತ್ತ ಸಾಗಿದೆ. 2023ರವರೆಗೆ ಅಜ್ಯೂರ್ ಎಡಿ ಎಂದು ಕರೆಯಲಾಗುತ್ತಿದ್ದ ಎಂಟ್ರಾ ಐಡಿಯಲ್ಲಿ ಸಾಧನದ ಕೊನೆಯ ಚಟುವಟಿಕೆಯ ಅಂದಾಜು ಸಮಯವೊಂದು ಸಿಗುತ್ತದೆ. ಅದೂ 14 ದಿನಕ್ಕೊಮ್ಮೆ, 5 ದಿನದ ಏರುಪೇರಿನೊಂದಿಗೆ ಹೊಸದಾಗುತ್ತದೆ. ಹಳೆಯ ಡೈರೆಕ್ಟರಿಯ ಲೆಕ್ಕವೇ ಇಲ್ಲಿಯೂ ಮುಂದುವರಿದಿದೆ.

ಎರಡೂ ಕಡೆ ನೋಂದಾಯಿತವಾದ ಹೈಬ್ರಿಡ್ ಯಂತ್ರಗಳಲ್ಲಿ ತೆರವಿನ ಅನುಕ್ರಮ ಮುಖ್ಯ. ಸ್ಥಳೀಯ ಡೈರೆಕ್ಟರಿಯಲ್ಲಿ ಅಳಿಸಿದರೆ ಎರಡನ್ನೂ ಹೊಂದಿಸುವ ಸಿಂಕ್ ಮೂಲಕ ಮೋಡದಲ್ಲಿಯೂ ಅಳಿಯುತ್ತದೆ. ಮೋಡದಲ್ಲಿ ಮಾತ್ರ ಅಳಿಸಿದರೆ ಸ್ಥಳೀಯ ಖಾತೆ ಹಾಗೆಯೇ ಉಳಿಯುತ್ತದೆ. ಹಳೆಯ ಪದ್ಧತಿಯೊಂದು ಇಲ್ಲಿ ತೊಡಕಾಗುತ್ತದೆ. ತಡೆಹಿಡಿದ ಖಾತೆಗಳನ್ನು ಮೀಸಲು ಘಟಕಕ್ಕೆ ಸಾಗಿಸಿದಾಗ ಆ ಘಟಕ ಸಿಂಕ್ ವ್ಯಾಪ್ತಿಯ ಹೊರಗಿದ್ದರೆ, ಸ್ಥಳೀಯವಾಗಿ ತಡೆಯಷ್ಟೇ ಆದದ್ದು ಮೋಡದಲ್ಲಿ ಅಳಿಸುವಿಕೆಯಾಗುತ್ತದೆ, ಅಲ್ಲಿಟ್ಟ ಬಿಟ್‌ಲಾಕರ್ ಕೀಲಿಗಳೂ ಅದರೊಂದಿಗೆ ಹೋಗುತ್ತವೆ. ಖಾತೆಯನ್ನು ಮರಳಿ ತಂದರೂ ಸಾಧನ ಮತ್ತೆ ನೋಂದಣಿ ಆಗುವವರೆಗೆ ಕಾಯುವ ಸ್ಥಿತಿಯಲ್ಲೇ ಇರುತ್ತದೆ.

ಎಂಟ್ರಾಗೆ ಮಾತ್ರ ಸೇರಿದ ಯಂತ್ರಗಳಲ್ಲಿ 30 ದಿನದ ಪಾಸ್‌ವರ್ಡ್ ಬದಲಾವಣೆ ಎಂಬುದು ಇಲ್ಲ. ಅವು ತಮ್ಮನ್ನು ಗುರುತಿಸಿಕೊಳ್ಳುವುದು 10 ವರ್ಷ ಬಾಳುವ ಪ್ರಮಾಣಪತ್ರದಿಂದ. ಪಾಸ್‌ವರ್ಡ್‌ನ ವಯಸ್ಸು ಎಂಬ ಎರಡನೆಯ ಸಾಕ್ಷಿ ಅಲ್ಲಿ ಸಿಗದ ಕಾರಣ, ಚಟುವಟಿಕೆಯ ಸಮಯವನ್ನು ಇಂಟ್ಯೂನ್‌ನಂಥ ಸಾಧನ ನಿರ್ವಹಣಾ ಸೇವೆಯ ಕೊನೆಯ ಸಂಪರ್ಕದ ದಿನಾಂಕದೊಂದಿಗೆ ತಾಳೆ ನೋಡಲಾಗುತ್ತದೆ.